ಎಚ್‌ಐವಿ ನೀತಿ ಸಂಶೋಧನೆಗೆ ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವ ದಾರಿ

ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಯುವಕ ತೊಗರಿ ರಾಶಿ ಮುಗಿದ ಮೇಲೆ ಕಟ್ಟಡ ಕೆಲಸಕ್ಕೆಂದು ಪುಣೆಗೆ ಹೋಗುತ್ತಾನೆ ಎಂದಿಟ್ಟುಕೊಳ್ಳಿ. ಅವನಿಗೆ ಎಚ್‌ಐವಿ ಸೋಂಕಿದೆ. ವೈರಾಣುವನ್ನು ಹತ್ತಿಕ್ಕುವ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ್ದಾನೆ. ಚೀಲದಲ್ಲಿ ಒಂದು ತಿಂಗಳ ಗುಳಿಗೆ ಇವೆ. ಅವು ಮುಗಿದಾಗ ಪುಣೆಯ ಕೇಂದ್ರ ಎಲ್ಲಿದೆ, ಅಲ್ಲಿ ಯಾವ ಕಾಗದ ತೋರಿಸಬೇಕು, ಅರ್ಧ ದಿನದ ರಜೆಗೆ ಮೇಸ್ತ್ರಿಯ ಬಳಿ ಏನು ಕಾರಣ ಹೇಳಬೇಕು ಎಂಬುದು ಯಾವುದೂ ಗೊತ್ತಿಲ್ಲದೆ ಎರಡು ತಿಂಗಳು ಔಷಧ ತಪ್ಪುತ್ತದೆ. ಅವನು ಮರಳಿ ಬಂದಾಗ ಚಿಕಿತ್ಸೆ ಮುಂದುವರಿಸುವುದು ವೈದ್ಯರ ಕೆಲಸ, ಬಾರದಿದ್ದರೆ ಫೋನ್ ಮಾಡಿ ಕರೆಸುವುದು ಆಪ್ತಸಮಾಲೋಚಕರ ಕೆಲಸ. ಇಂಥವರು ಜಿಲ್ಲೆಯಲ್ಲಿ ಎಷ್ಟು ಜನ, ಒಂದೇ ಸಲ ಮೂರು ತಿಂಗಳ ಗುಳಿಗೆ ಕೊಟ್ಟರೆ ಎಷ್ಟು ಜನರಿಗೆ ತಪ್ಪುವುದು ನಿಲ್ಲುತ್ತದೆ, ಅದಕ್ಕೆ ದಾಸ್ತಾನು ಎಷ್ಟು ಬೇಕು, ನಿಯಮವನ್ನು ಬದಲಿಸುವ ಅಧಿಕಾರ ಯಾರಲ್ಲಿದೆ ಎಂದು ಕೇಳಿ, ಉತ್ತರವನ್ನು ಆ ಅಧಿಕಾರಿ ಓದಬಲ್ಲ ಎರಡು ಪುಟಗಳಲ್ಲಿ ಬರೆದುಕೊಡುವುದು ನೀತಿ ಸಂಶೋಧಕರ ಕೆಲಸ. ಚಿಕಿತ್ಸೆಯಲ್ಲಿ ಸ್ಥಿರವಾಗಿರುವವರಿಗೆ ಮೂರರಿಂದ ಆರು ತಿಂಗಳ ಔಷಧವನ್ನು ಒಟ್ಟಿಗೆ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತ್ತು. ನಮ್ಮಲ್ಲಿ ಆ ಪದ್ಧತಿ ವ್ಯಾಪಕವಾದದ್ದು 2020ರ ಲಾಕ್‌ಡೌನ್ ಹೊತ್ತಿಗೆ. ನಡುವಿನ ವರ್ಷಗಳಲ್ಲಿ ಔಷಧ ತಪ್ಪಿದವರ ಲೆಕ್ಕವನ್ನು ಯಾರಾದರೂ ಇಟ್ಟು ತೋರಿಸಿದ್ದರೆ ಅದು ಇನ್ನೂ ಬೇಗ ಬರುತ್ತಿತ್ತೇನೋ ಎಂದು ನನಗೆ ಅನಿಸುವುದುಂಟು.

ಈ ಕ್ಷೇತ್ರಕ್ಕೆ ಬರಬೇಕೆಂದಿರುವ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ವಿದ್ಯಾರ್ಥಿಗಳಿಗಾಗಿ ಈ ಬರಹ. ನಾನು ಶಹಾಪುರ ಕಡೆಯವನು, ಸಂಖ್ಯಾಶಾಸ್ತ್ರ ಓದಿ ಈ ಕೆಲಸಕ್ಕೆ ಬಂದವನು. ಪ್ರಶ್ನೆಯನ್ನು ನಿಮ್ಮ ತಾಲ್ಲೂಕಿನಿಂದ ಎತ್ತಿಕೊಳ್ಳಿ, ಅದನ್ನು ಬಿಡಿಸುವ ವಿಧಾನವನ್ನು ಎಲ್ಲಿ ಚೆನ್ನಾಗಿ ಕಲಿಸುತ್ತಾರೋ ಅಲ್ಲಿಗೆ ಹೋಗಿ ಕಲಿಯಿರಿ ಎಂಬುದೇ ನನ್ನ ಸಲಹೆ. ಇದನ್ನು ತಿರುವುಮುರುವು ಮಾಡಿದವರು, ಅಂದರೆ ಪ್ರಶ್ನೆಯನ್ನು ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆಯಿಂದ ಎತ್ತಿಕೊಂಡು ವಿಧಾನವನ್ನು ಅರೆಬರೆ ಕಲಿತವರು, ಬೇಗ ಸುಸ್ತಾಗುವುದನ್ನು ಕಂಡಿದ್ದೇನೆ.

ಅಧ್ಯಯನ ನಿಯಮವಾಗುವ ಬಗೆ

ನೀತಿ ಸಂಶೋಧನೆ ಎಂದರೆ ಏನೆಂದು ಮನೆಯವರಿಗೆ ವಿವರಿಸಲು ನಾನು ಬಳಸುವ ಉದಾಹರಣೆ ಇದು. ಸೋಂಕಿತರು ಬೇಗ ಚಿಕಿತ್ಸೆ ಆರಂಭಿಸಿದರೆ ಅವರಿಂದ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆಂದು ಎಚ್‌ಪಿಟಿಎನ್ 052 ಎಂಬ ಅಧ್ಯಯನ 2011ರಲ್ಲಿ ತೋರಿಸಿತು. ರೋಗನಿರೋಧಕ ಶಕ್ತಿಯನ್ನು ಸೂಚಿಸುವ ಸಿಡಿ4 ಕಣಗಳ ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಶಿಫಾರಸು ಮಾಡಿತು. ಭಾರತ ಅದನ್ನು 2017ರಲ್ಲಿ ಒಪ್ಪಿಕೊಂಡಿತು. ವಿಜ್ಞಾನದ ಮಟ್ಟಿಗೆ ಉತ್ತರ 2011ರಲ್ಲೇ ಸಿಕ್ಕಿತ್ತು. ಹೆಚ್ಚುವರಿಯಾಗಿ ಚಿಕಿತ್ಸೆಗೆ ಬರುವವರೆಷ್ಟು, ಖರ್ಚೆಷ್ಟು, ಗುಳಿಗೆ ಕೊಳ್ಳುವುದು ಹೇಗೆ, ಇರುವ ಸಿಬ್ಬಂದಿಯಿಂದ ನಿಭಾಯಿಸಲು ಆಗುತ್ತದೆಯೇ ಎಂಬ ಲೆಕ್ಕಗಳು ಆಮೇಲಿನ ಆರು ವರ್ಷಗಳ ಕೆಲಸ. ನೀವು ಸೇರಲು ಹೊರಟಿರುವುದು ಆ ಆರು ವರ್ಷಗಳೊಳಗೆ.

ಕಾನೂನು ಓದಿದವರಿಗೂ ಇಲ್ಲಿ ದೊಡ್ಡ ಜಾಗವಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂನ ವಿರುದ್ಧ ನಾಜ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ 2001ರಲ್ಲಿ ದೆಹಲಿ ಹೈಕೋರ್ಟಿಗೆ ಹೋದಾಗ ಮುಂದಿಟ್ಟ ಮುಖ್ಯ ವಾದಗಳಲ್ಲಿ ಒಂದು, ಆ ಕಲಂನ ಭಯದಿಂದ ಎಚ್‌ಐವಿ ತಡೆಯುವ ಕೆಲಸವೇ ನಡೆಯುತ್ತಿಲ್ಲ ಎಂಬುದಾಗಿತ್ತು. 2009ರಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, ಕೊನೆಗೆ 2018ರ ಸೆಪ್ಟೆಂಬರ್ 6ರ ತೀರ್ಪಿನಲ್ಲಿ ಮತ್ತೆ ಗೆಲುವು. ಅದೇ ಸೆಪ್ಟೆಂಬರ್ 10ರಂದು, ಸೋಂಕಿತರ ಬಗ್ಗೆ ತಾರತಮ್ಯವನ್ನು ನಿಷೇಧಿಸುವ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೂ ಜಾರಿಗೆ ಬಂತು. ಕಾಯ್ದೆ ಪುಸ್ತಕದಲ್ಲಿ ಇರುವುದಕ್ಕೂ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನಡೆಯುವುದಕ್ಕೂ ನಡುವಿನ ದೂರವನ್ನು ಅಳೆಯುವ ಕೆಲಸಕ್ಕೆ ವಕೀಲಿ ಓದಿದವರು ಸಾಲದಾಗಿದ್ದಾರೆ.

ಯಾವ ಪದವಿ, ಎಲ್ಲಿ

ಎಂಬಿಬಿಎಸ್ ಇಲ್ಲದೆ ಈ ಕ್ಷೇತ್ರಕ್ಕೆ ಬರಲಾಗದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಅದು ತಪ್ಪು. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ, ಸಮಾಜಶಾಸ್ತ್ರ, ಕಾನೂನು, ನರ್ಸಿಂಗ್ ಇವುಗಳಲ್ಲಿ ಯಾವುದನ್ನು ಓದಿದ್ದರೂ ಬಾಗಿಲು ತೆರೆದಿದೆ. ವೈದ್ಯಕೀಯ ಓದುವವರು ಸಮುದಾಯ ವೈದ್ಯಶಾಸ್ತ್ರವನ್ನು ಅಂಕ ಕಡಿಮೆ ಬಂದವರ ವಿಷಯವೆಂದು ತಿರಸ್ಕರಿಸದಿದ್ದರೆ ಸಾಕು. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಾಗಿರುವುದರಿಂದ ಮೂರೂ ಜಿಲ್ಲೆಗಳಲ್ಲಿ ಈಗ ಆ ವಿಭಾಗವಿದೆ. ವೈದ್ಯಕೀಯೇತರ ವಿಷಯಗಳಿಗೆ 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಡಗಂಚಿಗೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ರಾಜ್ಯದ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ ಸಂವಿಧಾನದ 371(ಜೆ) ಕಲಂನ ಅಡಿಯ ಮೀಸಲಾತಿಯನ್ನು ಮರೆಯಬೇಡಿ: ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟುಗಳು ನಮಗಿವೆ. ಅದರ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಏಕೆಂದರೆ ಪ್ರವೇಶದ ವಾರದಲ್ಲಿ ಅಲ್ಲಿನ ಸಾಲು ಬಸ್ ನಿಲ್ದಾಣದ ಸಾಲಿಗಿಂತ ಉದ್ದವಿರುತ್ತದೆ.

ಸ್ನಾತಕೋತ್ತರ ಪದವಿಯ ಕಿರುಪ್ರಬಂಧವನ್ನು ಕೇವಲ ಅಂಕಕ್ಕಾಗಿ ಬರೆಯುವ ಅಭ್ಯಾಸವಿದೆ. ಆದರೆ ಭಾರತದಲ್ಲಿ ಎಚ್‌ಐವಿ ಇದೆಯೆಂದು 1986ರಲ್ಲಿ ಮೊದಲು ಗೊತ್ತಾದದ್ದೇ ಒಂದು ವಿದ್ಯಾರ್ಥಿ ಪ್ರಬಂಧದಿಂದ. ಚೆನ್ನೈನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ತಮ್ಮ ಮಾರ್ಗದರ್ಶಿ ಡಾ. ಸುನೀತಿ ಸೊಲೊಮನ್ ಅವರ ಸೂಚನೆಯಂತೆ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದ್ದರು. ಆಗ ಬಹಳ ಜನ ಈ ರೋಗ ಭಾರತಕ್ಕೆ ಬರುವುದೇ ಇಲ್ಲವೆಂದು ನಂಬಿದ್ದರು. ನಿಮ್ಮ ಪ್ರಬಂಧದಿಂದ ಅಷ್ಟು ದೊಡ್ಡದು ಆಗಬೇಕೆಂದಿಲ್ಲ. ಉತ್ತರ ಮೊದಲೇ ಗೊತ್ತಿರುವ ವಿಷಯವನ್ನು ಆರಿಸಿಕೊಳ್ಳದಿದ್ದರೆ ಸಾಕು. ‘ಕಾಲೇಜು ವಿದ್ಯಾರ್ಥಿಗಳಲ್ಲಿ ಎಚ್‌ಐವಿ ಅರಿವು’ ಎಂಬ ಶೀರ್ಷಿಕೆಯ ಪ್ರಬಂಧಗಳಿಂದ ಗ್ರಂಥಾಲಯದ ಕಪಾಟು ಈಗಾಗಲೇ ತುಂಬಿದೆ.

ಮುಂದಿನ ಹಂತ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಯಾದ ಎಂಪಿಎಚ್. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್, ಹೈದರಾಬಾದ್‌ನ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಇವು ನಮ್ಮ ಕಡೆಯವರು ಹೆಚ್ಚಾಗಿ ಯೋಚಿಸುವ ಸಂಸ್ಥೆಗಳು. ಬೀದರ್‌ನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್ ಮಾತ್ರವಿರುವುದರಿಂದ ಮನೆಯ ಜವಾಬ್ದಾರಿ ಇರುವವರಿಗೆ ಕೊನೆಯದು ಅನುಕೂಲ. ಅಂಕಿಅಂಶದಲ್ಲಿ ಒಲವಿರುವವರು ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯನ್ನು ನೋಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನಡೆಸುವ ಸಂಸ್ಥೆಯೇ ಅದು. ಪಿಎಚ್‌ಡಿಗೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ (ಐಸೆಕ್) ಇದೆ, ದೆಹಲಿಯ ಜೆಎನ್‌ಯುದಲ್ಲಿ ಸಾಮಾಜಿಕ ವೈದ್ಯಕೀಯದ ಕೇಂದ್ರವಿದೆ. ಪದವಿ ಮುಗಿದ ತಕ್ಷಣ ಎಂಪಿಎಚ್‌ಗೆ ಓಡದೆ ಎರಡು ವರ್ಷ ಕೆಲಸ ಮಾಡಿ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಎಆರ್‌ಟಿ ಕೇಂದ್ರದ ರಜಿಸ್ಟರನ್ನು ಒಮ್ಮೆಯೂ ನೋಡದವರಿಗೆ ತರಗತಿಯಲ್ಲಿ ಹೇಳುವ ‘ಚಿಕಿತ್ಸೆಯಿಂದ ಜಾರಿದವರು’ ಎಂಬ ಮಾತು ಬರೀ ಮಾತಾಗಿ ಉಳಿಯುತ್ತದೆ.

ಮೊದಲ ಕೆಲಸ, ಮತ್ತು ಭಾಷೆ

ಆ ಎರಡು ವರ್ಷ ಎಲ್ಲಿ? ಎಚ್‌ಐವಿ ಪರೀಕ್ಷೆ ಮತ್ತು ಸಮಾಲೋಚನೆ ನಡೆಸುವ ಐಸಿಟಿಸಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕರ ಹುದ್ದೆಗಳಿವೆ. ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳಿಗಾಗಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ, ಎಲ್ಲರೂ ‘ಟಿಐ’ ಎಂದೇ ಕರೆಯುವ ಯೋಜನೆಗಳಲ್ಲಿ ಪ್ರೋಗ್ರಾಮ್ ಮ್ಯಾನೇಜರ್, ಕೌನ್ಸೆಲರ್, ಲೆಕ್ಕ ಹಾಗೂ ಮೌಲ್ಯಮಾಪನ ಎರಡನ್ನೂ ನೋಡಿಕೊಳ್ಳುವವರು, ಕ್ಷೇತ್ರಕ್ಕೆ ಹೋಗುವ ಔಟ್‌ರೀಚ್ ಕಾರ್ಯಕರ್ತರು ಇರುತ್ತಾರೆ. ಸಂಬಳ ಕಡಿಮೆ, ಒಪ್ಪಂದ ವರ್ಷದಿಂದ ವರ್ಷಕ್ಕೆ. ಹಾಗಿದ್ದರೂ ನೀತಿ ಸಂಶೋಧನೆಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಟಿಐನಲ್ಲಿ ಲೆಕ್ಕ ಮತ್ತು ಮೌಲ್ಯಮಾಪನ ನೋಡಿಕೊಳ್ಳುವ ಹುದ್ದೆಯನ್ನೇ. ತಿಂಗಳ ವರದಿಯ ಪ್ರತಿ ಅಂಕಿಯೂ ಎಲ್ಲಿಂದ ಬಂತು, ಯಾವ ಅಂಕಿಯನ್ನು ಗುರಿ ಮುಟ್ಟಿಸಲೆಂದು ಸ್ವಲ್ಪ ಉಬ್ಬಿಸಲಾಯಿತು, ಯಾವ ಕಾಲಮ್ಮನ್ನು ಯಾರೂ ಓದುವುದಿಲ್ಲ ಎಂಬುದು ಆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತದೆ. ಸಮೀಕ್ಷೆಗಳಿಗೆ ಕ್ಷೇತ್ರ ತನಿಖೆದಾರರನ್ನು ತೆಗೆದುಕೊಳ್ಳುವಾಗಲೂ ಅರ್ಜಿ ಹಾಕಿ. ಮೂರು ತಿಂಗಳು ಮನೆಮನೆ ಅಲೆದವರು ಪ್ರಶ್ನಾವಳಿ ಬರೆಯುವ ರೀತಿಯೇ ಬದಲಾಗುತ್ತದೆ.

ಭಾಷೆಯ ವಿಷಯದಲ್ಲಿ ನಮ್ಮ ಭಾಗದವರಿಗೆ ಇರುವ ಅನುಕೂಲವನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಡಾವಣೆಯಲ್ಲಿ ಬೆಳೆದ ಹುಡುಗನಿಗೆ ಕನ್ನಡದ ಜೊತೆ ದಖನಿ ಉರ್ದು ಬರುತ್ತದೆ. ಗುರುಮಠಕಲ್ ಕಡೆಯವರಿಗೆ ತೆಲುಗು, ಔರಾದ್, ಬಸವಕಲ್ಯಾಣದ ಕಡೆಯವರಿಗೆ ಮರಾಠಿ, ತಾಂಡಾದಲ್ಲಿ ಹುಟ್ಟಿದವರಿಗೆ ಲಂಬಾಣಿ ಸಹಜವಾಗಿ ಬರುತ್ತದೆ. ವಲಸೆಯ ಅಧ್ಯಯನಕ್ಕೆ ಬೇಕಾದ ಭಾಷೆಗಳು ಇವೇ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಬೆಂಗಳೂರಿನಲ್ಲಿ ಕೂತು ಕನ್ನಡಕ್ಕೆ ತಂದಾಗ ‘ಕಳಂಕ’ ಎಂಬ ಪದ ಬರುತ್ತದೆ. ಚಿತ್ತಾಪುರ ತಾಲ್ಲೂಕಿನ ಹೆಣ್ಣುಮಗಳಿಗೆ ಆ ಪದದಿಂದ ಏನೂ ಹೊಳೆಯುವುದಿಲ್ಲ. ‘ಮಂದಿ ಏನಂತಾರ ಅಂತ ಅಂಜಿಕಿ ಅದ ಏನ್ರಿ?’ ಎಂದು ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾಳೆ. ‘ಔಷಧ ಪಾಲನೆ’ಯ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ, ‘ಹೋದ ವಾರ ಗುಳಿಗಿ ಎಷ್ಟ್ ದಿನ ತಪ್ಯಾವ್ರಿ?’ ಎಂದಾಗಲೇ ನಿಜವಾದ ಸಂಖ್ಯೆ ಹೊರಬರುವುದು. ಪ್ರಶ್ನಾವಳಿಯನ್ನು ಹೀಗೆ ತಿದ್ದಿದಾಗ ಏನು ತಿದ್ದಿದಿರಿ, ಏಕೆ ತಿದ್ದಿದಿರಿ ಎಂದು ಬರೆದಿಡಿ. ಸಂಶೋಧನಾ ಲೇಖನದ ವಿಧಾನದ ಭಾಗದಲ್ಲಿ ಅದಕ್ಕೆ ಬೆಲೆಯಿದೆ.

ಊರಿಗೆ ಯಾವಾಗ ಹೋಗಬೇಕೆಂಬುದೂ ವಿಧಾನದ ಪ್ರಶ್ನೆಯೇ. ಫೆಬ್ರುವರಿಯಲ್ಲಿ ಯಾದಗಿರಿಯ ತಾಂಡಾವೊಂದಕ್ಕೆ ಸಮೀಕ್ಷೆಗೆ ಹೋದರೆ ಮನೆಯಲ್ಲಿ ಮುದುಕರು, ಮಕ್ಕಳು, ಬೀಗ ಹಾಕಿದ ಬಾಗಿಲುಗಳು. ‘ದುಡಿಲಾಕ ಹೋಗ್ಯಾರ’ ಎಂಬ ಒಂದೇ ಉತ್ತರ. ಮುಂಗಾರಿನ ಬಿತ್ತನೆಗೋ ದೀಪಾವಳಿಗೋ ಮೊಹರಂಗೋ ಜನ ಮರಳಿರುವಾಗ ಹೋದವರಿಗೆ ಅದೇ ತಾಂಡಾದಲ್ಲಿ ಬೇರೆಯದೇ ಅಂಕಿ ಸಿಗುತ್ತದೆ. ದೆಹಲಿಯಲ್ಲಿ ಸಮೀಕ್ಷೆಯ ವೇಳಾಪಟ್ಟಿ ಮಾಡುವವರಿಗೆ ತೊಗರಿ ರಾಶಿಯ ಕಾಲ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ಸಂಖ್ಯೆಯನ್ನು ಅದರ ಮೂಲದವರೆಗೆ ಹಿಂಬಾಲಿಸುವುದು

2006ರಲ್ಲಿ ಭಾರತದಲ್ಲಿ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆ ಎಂಬುದು ಅಧಿಕೃತ ಅಂದಾಜಾಗಿತ್ತು. 2007ರ ಜುಲೈನಲ್ಲಿ ಅದು ಸುಮಾರು 25 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅರ್ಧದಷ್ಟು ಜನ ಗುಣವಾಗಲಿಲ್ಲ, ಸಾಯಲೂ ಇಲ್ಲ. ಎಣಿಸುವ ಆಧಾರ ಬದಲಾಗಿತ್ತು. ಅದುವರೆಗಿನ ಅಂದಾಜು ಸೆಂಟಿನೆಲ್ ಕಣ್ಗಾವಲು ಕೇಂದ್ರಗಳ ಮೇಲೆ, ಅಂದರೆ ಮುಖ್ಯವಾಗಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಬರುವ ಗರ್ಭಿಣಿಯರು ಮತ್ತು ಗುಹ್ಯರೋಗ ಚಿಕಿತ್ಸಾಲಯಕ್ಕೆ ಬರುವವರ ರಕ್ತ ಪರೀಕ್ಷೆಗಳ ಮೇಲೆ ನಿಂತಿತ್ತು. 2005–06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಗಳಿಗೇ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತು, ಕಣ್ಗಾವಲು ಕೇಂದ್ರಗಳ ಸಂಖ್ಯೆಯೂ ಹೆಚ್ಚಿತು, ಎರಡನ್ನೂ ಜೋಡಿಸಿದಾಗ ಚಿತ್ರ ಬದಲಾಯಿತು. ಈ ಘಟನೆಯನ್ನು ಸಂಪೂರ್ಣ ಓದಿಕೊಳ್ಳಿ. ಇದರಲ್ಲಿ ಒಂದು ಇಡೀ ಪಠ್ಯಕ್ರಮವಿದೆ. ಆಸ್ಪತ್ರೆಗೆ ಬಂದವರನ್ನು ಎಣಿಸುವುದಕ್ಕೂ ಊರಿನಲ್ಲಿರುವವರನ್ನು ಎಣಿಸುವುದಕ್ಕೂ ಇರುವ ವ್ಯತ್ಯಾಸ ಅರಿಯದವರು ಈ ಕ್ಷೇತ್ರದಲ್ಲಿ ಎಷ್ಟು ವರ್ಷವಿದ್ದರೂ ಅಪಾಯಕಾರಿ.

ಈಗಿನ ಅಂದಾಜಿನಂತೆ ದೇಶದಲ್ಲಿ 25 ಲಕ್ಷಕ್ಕೂ ಸ್ವಲ್ಪ ಹೆಚ್ಚು ಸೋಂಕಿತರಿದ್ದಾರೆ, ವಯಸ್ಕರಲ್ಲಿ ಪ್ರಮಾಣ ಶೇ 0.2ರ ಆಸುಪಾಸು, ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ಕರ್ನಾಟಕ ಬರುತ್ತದೆ. 2007ರ ಸಂಖ್ಯೆಗೂ ಇಂದಿನದಕ್ಕೂ ಹೆಚ್ಚು ಅಂತರವಿಲ್ಲವೆಂದು ಕಂಡು ಕಾರ್ಯಕ್ರಮ ಸೋತಿತು ಎಂದು ಬರೆದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. 2004ರ ಏಪ್ರಿಲ್‌ನಿಂದ ಸರ್ಕಾರ ಉಚಿತವಾಗಿ ಎಆರ್‌ಟಿ ಕೊಡುತ್ತಿರುವುದರಿಂದ ಸೋಂಕಿತರು ಹೆಚ್ಚು ಕಾಲ ಬದುಕುತ್ತಿದ್ದಾರೆ. ಬದುಕಿರುವವರ ಸಂಖ್ಯೆ ಇಳಿಯದಿರುವುದರಲ್ಲಿ ಆ ಗೆಲುವೂ ಸೇರಿದೆ. ಹೊಸ ಸೋಂಕು, ಬದುಕಿರುವವರು, ಸಾವು ಈ ಮೂರನ್ನು ಬೇರೆಬೇರೆಯಾಗಿ ಓದಬೇಕು.

ನಮ್ಮ ಜಿಲ್ಲೆಗಳ ಅಂಕಿಗಳಿಗೆ ಅವುಗಳದ್ದೇ ತೊಡಕುಗಳಿವೆ. ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮೊದಲಿನ ಯಾವುದೇ ‘ಗುಲ್ಬರ್ಗ’ ಅಂಕಿಯಲ್ಲಿ ಯಾದಗಿರಿಯೂ ಸೇರಿರುವುದರಿಂದ, ಹಳೆಯ ಗುಲ್ಬರ್ಗವನ್ನು ಇಂದಿನ ಕಲಬುರಗಿಯ ಜೊತೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಕಡತಗಳನ್ನು ಹುಡುಕುವಾಗ ಎರಡೂ ಹೆಸರನ್ನು ಹಾಕಬೇಕು. ಇನ್ನೊಂದು ವಿಷಯ ನನ್ನ ಒಂದು ತಿಂಗಳನ್ನು ನುಂಗಿತು: ನಾಲ್ಕು ಮತ್ತು ಐದನೇ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಜಿಲ್ಲಾ ಮಟ್ಟದ ಅಂಕಿಗಳು ಇವೆ, ಆದರೆ ಎಚ್‌ಐವಿ ಕುರಿತ ತಿಳಿವಳಿಕೆಯ ಪ್ರಶ್ನೆಗಳನ್ನು ಆಯ್ದ ಮನೆಗಳಲ್ಲಿ ಮಾತ್ರ ಕೇಳಿರುವುದರಿಂದ ಅವುಗಳ ಉತ್ತರ ರಾಜ್ಯ ಮಟ್ಟಕ್ಕೆ ಮಾತ್ರ ಸಲ್ಲುತ್ತದೆ. ಬೀದರ್‌ಗೆ ಎಷ್ಟು ಎಂದು ಹುಡುಕಿ ನಾನು ಕಣ್ಣು ಕೆಡಿಸಿಕೊಂಡೆ. ಬಾಲ್ಯವಿವಾಹ, ಹೆಣ್ಣುಮಕ್ಕಳ ಓದು, ಗರ್ಭಿಣಿಯರ ತಪಾಸಣೆ ಇವು ಜಿಲ್ಲಾವಾರು ಸಿಗುತ್ತವೆ, ಅಲ್ಲಿಂದ ಆರಂಭಿಸಿ.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಂಕಿಅಂಶಕ್ಕೆ ಆರ್, ನಕ್ಷೆಗೆ ಕ್ಯೂಜಿಐಎಸ್, ಮೊಬೈಲ್‌ನಲ್ಲಿ ಉತ್ತರ ದಾಖಲಿಸಲು ಕೋಬೋ ಟೂಲ್‌ಬಾಕ್ಸ್ ಉಚಿತವಾಗಿ ಸಿಗುತ್ತವೆ. ದೇಶಗಳು ಎಚ್‌ಐವಿ ಅಂದಾಜು ಮಾಡಲು ಬಳಸುವ ಸ್ಪೆಕ್ಟ್ರಮ್ ತಂತ್ರಾಂಶವನ್ನೂ ಇಳಿಸಿಕೊಂಡು ನೋಡಬಹುದು. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಪಾಠಗಳ ವೇದಿಕೆಯ ಮೂಲಕ ಆರೋಗ್ಯ ಸಂಶೋಧನೆಯ ಮೂಲ ಪಾಠಗಳನ್ನು ಕಲಿಸಿದೆ; ಕನ್ನಡ ಮಾಧ್ಯಮದಿಂದ ಬಂದವರು ಆ ಪಾಠಗಳನ್ನು ಎರಡು ಸಲ ಕೇಳಿದರೆ ವಿಷಯದ ಜೊತೆಗೆ ಇಂಗ್ಲಿಷೂ ಕಿವಿಗೆ ಒಗ್ಗುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ‘ಸಂಕಲಕ್’ ವರದಿಗಳನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ.

ಹೆಸರು ಬರೆಯದಿದ್ದರೆ ಸಾಲದು

2017ರ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ವಿಷಯವನ್ನು ಬಹಿರಂಗಪಡಿಸುವಂತಿಲ್ಲ. ಮನುಷ್ಯರನ್ನು ಒಳಗೊಂಡ ಯಾವುದೇ ಅಧ್ಯಯನಕ್ಕೆ ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದರ ವಿವರಗಳಿವೆ. ಅನುಮತಿಗೆ ತಿಂಗಳುಗಳೇ ಹಿಡಿಯಬಹುದು, ಆದ್ದರಿಂದ ಪ್ರಬಂಧದ ವೇಳಾಪಟ್ಟಿಯಲ್ಲಿ ಅದಕ್ಕೆ ಮೊದಲೇ ಜಾಗ ಮಾಡಿಕೊಳ್ಳಿ.

ಕಾಗದದ ಈ ಕೆಲಸಕ್ಕಿಂತ ಸೂಕ್ಷ್ಮವಾದದ್ದು ಸಣ್ಣ ಊರಿನ ಗೋಪ್ಯತೆ. ನನ್ನ ಮೊದಲ ವರದಿಯ ಕರಡಿನಲ್ಲಿ ಹೆಸರುಗಳನ್ನೆಲ್ಲ ತೆಗೆದು ‘34 ವರ್ಷದ ವಿಧವೆ, ಅಂಗನವಾಡಿ ಸಹಾಯಕಿ’ ಎಂದು ಬರೆದು, ಮೇಲೆ ಹಳ್ಳಿಯ ಹೆಸರು ಹಾಕಿದ್ದೆ. ಹಿರಿಯರೊಬ್ಬರು ಅದನ್ನು ಓದಿ, ಆ ಹಳ್ಳಿಯಲ್ಲಿ ಎಷ್ಟು ಅಂಗನವಾಡಿಗಳಿವೆ ಎಂದಷ್ಟೇ ಕೇಳಿದರು. ಒಂದೇ ಇತ್ತು. ಅಂದಿನಿಂದ ಹಳ್ಳಿ, ವಯಸ್ಸು, ಕೆಲಸ ಈ ಮೂರನ್ನು ಒಟ್ಟಿಗೆ ಎಲ್ಲಿಯೂ ಬರೆಯುವುದಿಲ್ಲ. ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಬಂದ ಸಂಖ್ಯೆಯನ್ನು ಪಕ್ಕದ ಸಾಲಿಗೆ ಸೇರಿಸುತ್ತೇನೆ. ಕ್ಷೇತ್ರ ಟಿಪ್ಪಣಿಯ ಪುಸ್ತಕದಲ್ಲಿ ಸಂಕೇತ ಸಂಖ್ಯೆ ಬಿಟ್ಟು ಬೇರೇನೂ ಇರುವುದಿಲ್ಲ. ಭೇಟಿಯ ಸ್ಥಳವನ್ನೂ ಅವರೇ ಆರಿಸಲಿ. ನೀವು ಎಚ್‌ಐವಿ ಯೋಜನೆಯವರೆಂದು ಊರಿಗೆ ಗೊತ್ತಾದ ಮೇಲೆ ನಿಮ್ಮ ಬೈಕ್ ಯಾರ ಮನೆ ಮುಂದೆ ನಿಂತಿತು ಎಂಬುದೇ ಸುದ್ದಿಯಾಗುತ್ತದೆ. (ಈ ಕೆಲಸ ಮಾಡುವವರಿಗೇ ಸೋಂಕಿದೆಯೆಂದು ಸಂಬಂಧಿಕರು ಗುಸುಗುಸು ಮಾಡುವುದೂ ಉಂಟು, ನನ್ನ ಮದುವೆಯ ಮಾತುಕತೆ ಅದೇ ಕಾರಣಕ್ಕೆ ಒಮ್ಮೆ ಮುರಿದಿದೆ.)

ಹೊರದೇಶದ ದಾರಿ

ಜಾಗತಿಕ ಆರೋಗ್ಯವೆಂದರೆ ವಿಮಾನ ಹತ್ತುವುದು ಎಂದು ತಿಳಿಯಬೇಕಾಗಿಲ್ಲ. ಮುಂಬೈನ ಸಿಪ್ಲಾ 2001ರಲ್ಲಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಹೇಳಿದಾಗ ಆಫ್ರಿಕಾದ ಚಿಕಿತ್ಸೆಯ ಲೆಕ್ಕವೇ ಬದಲಾಯಿತು. ಅದಕ್ಕೂ ಮೊದಲು ಶ್ರೀಮಂತ ದೇಶಗಳಲ್ಲಿ ಅದೇ ಚಿಕಿತ್ಸೆಗೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. ಆರು ತಿಂಗಳಿಗೊಮ್ಮೆ ಚುಚ್ಚುಮದ್ದಾಗಿ ಕೊಟ್ಟು ಸೋಂಕನ್ನು ತಡೆಯುವ ಲೆನಾಕಪವಿರ್ ಎಂಬ ಔಷಧವನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ನಡೆದ ಅಧ್ಯಯನ 2024ರಲ್ಲಿ ತೋರಿಸಿತು. ಅದರ ಅಗ್ಗದ ರೂಪವನ್ನು ತಯಾರಿಸಲು ಪರವಾನಗಿ ಪಡೆದವರಲ್ಲಿ ಡಾ. ರೆಡ್ಡೀಸ್ ಮತ್ತು ಹೆಟೆರೊ ಎರಡೂ ಹೈದರಾಬಾದಿನ ಕಂಪನಿಗಳು. 2027ರಿಂದ ಅನೇಕ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಮಾತಾಗಿದೆ. ಈ ಔಷಧ ಭಾರತದ ಕಾರ್ಯಕ್ರಮದಲ್ಲಿ ಯಾರಿಗೆ ಮೊದಲು ಸಿಗಬೇಕು ಎಂಬ ಪ್ರಶ್ನೆ ಹುಮನಾಬಾದಿನಲ್ಲಿ ಕೂತವರಿಗೂ ಜಿನೀವಾದಲ್ಲಿ ಕೂತವರಿಗೂ ಒಂದೇ.

ಕರ್ನಾಟಕದ ಎಚ್‌ಐವಿ ಸಂಶೋಧನೆಗೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದೊಂದಿಗೆ ಹಳೆಯ ನಂಟಿದೆ. ಆ ವಿಶ್ವವಿದ್ಯಾಲಯ ಮತ್ತು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಸಹಭಾಗಿತ್ವದಲ್ಲಿ 2003ರಲ್ಲಿ ಹುಟ್ಟಿದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ (ಕೆಎಚ್‌ಪಿಟಿ), ಅದೇ ವರ್ಷ ಗೇಟ್ಸ್ ಫೌಂಡೇಶನ್ ಆರಂಭಿಸಿದ ‘ಆವಾಹನ್’ ಎಂಬ ಎಚ್‌ಐವಿ ತಡೆ ಯೋಜನೆಯನ್ನು ರಾಜ್ಯದಲ್ಲಿ ನಡೆಸಿತು. ಅದರಿಂದ ಬಂದ ಲೇಖನಗಳನ್ನು ಜಗತ್ತಿನಾದ್ಯಂತ ಓದುತ್ತಾರೆ. ಅವುಗಳಲ್ಲಿ ಹತ್ತನ್ನು ಓದಿ, ವಿಧಾನದ ಭಾಗವನ್ನು ಕನ್ನಡದಲ್ಲಿ ನಿಮ್ಮ ಮಾತಿನಲ್ಲಿ ಬರೆದುಕೊಳ್ಳುವುದು ಯಾವ ತರಬೇತಿಗೂ ಕಡಿಮೆಯಿಲ್ಲದ ಅಭ್ಯಾಸ.

ಹೊರಗೆ ಓದಲೇಬೇಕೆಂದಿದ್ದರೆ ಲಂಡನ್ನಿನ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಶಾಲೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಎರಡೂ ಈ ವಿಷಯಕ್ಕೆ ಹೆಸರಾದವು. ಶುಲ್ಕವನ್ನು ಸಾಲ ಮಾಡಿ ಕಟ್ಟಬೇಡಿ ಎಂಬುದು ನನ್ನ ಖಡಾಖಂಡಿತ ಮಾತು. ಈ ಕ್ಷೇತ್ರದ ಸಂಬಳದಲ್ಲಿ ಅದು ತೀರುವುದಿಲ್ಲ. ಕಾಮನ್‌ವೆಲ್ತ್, ಚೀವ್ನಿಂಗ್, ಫುಲ್‌ಬ್ರೈಟ್-ನೆಹರೂ, ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಗಳಿವೆ; ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯಿದೆ. ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಟಿಐನಲ್ಲಿ ಕಳೆದ ವರ್ಷಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಅರ್ಜಿಯ ಪ್ರಬಂಧದಲ್ಲಿ ‘ನನ್ನ ಹಿಂದುಳಿದ ಪ್ರದೇಶ’ ಎಂದು ಅಳುವುದಕ್ಕಿಂತ, ಮೇಲೆ ಹೇಳಿದ ಪುಣೆಯ ಗುಳಿಗೆಯಂಥ ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಬಿಡಿಸಿಟ್ಟರೆ ಆಯ್ಕೆದಾರರು ಓದುವುದನ್ನು ನಿಲ್ಲಿಸುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ

ಇದನ್ನು ತಿಳಿಯದೆ ಯಾರೂ ಈ ಕೆಲಸಕ್ಕೆ ಬರಬಾರದು. ಅಮೆರಿಕ ಸರ್ಕಾರ 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ ಹೊತ್ತಿಗೆ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಅದನ್ನು ನಂಬಿದ್ದ ಸಂಶೋಧಕರು ಜಗತ್ತಿನ ಅನೇಕ ಕಡೆ ಒಂದೇ ಮಿಂಚಂಚೆಯಿಂದ ಕೆಲಸ ಕಳೆದುಕೊಂಡರು. ಭಾರತದ ಕಾರ್ಯಕ್ರಮ ಮಾತ್ರ ಬಹುಮಟ್ಟಿಗೆ ನಮ್ಮದೇ ಹಣದಿಂದ ನಡೆಯುತ್ತದೆ: 2021ರ ಏಪ್ರಿಲ್‌ನಿಂದ 2026ರ ಮಾರ್ಚ್‌ವರೆಗಿನ ಐದನೇ ಹಂತಕ್ಕೆ ಕೇಂದ್ರ ಸರ್ಕಾರ ಇಟ್ಟದ್ದು 15,471.94 ಕೋಟಿ ರೂಪಾಯಿ. ಹೀಗಾಗಿ ಚಿಕಿತ್ಸೆ ನಿಲ್ಲಲಿಲ್ಲ, ಆದರೆ ಸಂಶೋಧನೆಯ ಹಣಕ್ಕೆ ಆ ಭದ್ರತೆಯಿಲ್ಲ. ಎರಡು ಮಾತು ನೆನಪಿಡಿ. ಒಬ್ಬನೇ ದಾನಿಯ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚಿನ ಯೋಜನೆ ಹಾಕಿಕೊಳ್ಳಬೇಡಿ. ಮತ್ತು ಎಚ್‌ಐವಿಯ ಜೊತೆ ಕ್ಷಯರೋಗವನ್ನೋ ವಲಸೆ ಕಾರ್ಮಿಕರ ಆರೋಗ್ಯವನ್ನೋ ಕಲಿತಿಡಿ. ನಮ್ಮ ಜಿಲ್ಲೆಗಳಲ್ಲಿ ಮೂರೂ ಒಂದೇ ಮನೆಯಲ್ಲಿ ಸಿಗುವುದರಿಂದ ಹೆಚ್ಚಿನ ಶ್ರಮವೇನೂ ಬೇಕಾಗುವುದಿಲ್ಲ.

ಮೊದಲ ವರದಿ

ಒಂದು ಪ್ರಶ್ನೆ, ಒಂದು ಜಿಲ್ಲೆ, ಎರಡು ಪುಟ. ಮೊದಲ ಪರಿಚ್ಛೇದದಲ್ಲೇ ಯಾವ ನಿಯಮ ಬದಲಾಗಬೇಕು, ಅದನ್ನು ಬದಲಿಸಬೇಕಾದವರು ಯಾರು ಎಂದು ಬರೆಯಿರಿ. ಆಮೇಲೆ ಅಂಕಿ, ಅಂಕಿಯ ಮಿತಿ, ಖರ್ಚಿನ ಅಂದಾಜು. ಜಿಲ್ಲಾ ಏಡ್ಸ್ ನಿಯಂತ್ರಣ ಘಟಕಕ್ಕೆ ಕನ್ನಡದಲ್ಲಿ, ಬೆಂಗಳೂರಿನ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಗೆ ಇಂಗ್ಲಿಷಿನಲ್ಲಿ ಕೊಡಿ. ನಿಮ್ಮ ಪ್ರಶ್ನೆಗೆ ಉತ್ತರಿಸಿದ ಸೋಂಕಿತರ ಗುಂಪಿನ ಮುಂದೆ ಅದನ್ನು ಮೊದಲು ಓದಿ ಹೇಳಿ; ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಕಾರ್ಯಕ್ರಮದ ವರ್ಷ ಏಪ್ರಿಲ್‌ಗೆ ಶುರುವಾಗುತ್ತದೆ, ಅದರ ಕ್ರಿಯಾ ಯೋಜನೆ ಅದಕ್ಕೂ ಹಿಂದಿನ ತಿಂಗಳುಗಳಲ್ಲೇ ಸಿದ್ಧವಾಗಿರುತ್ತದೆ. ಮೇ ತಿಂಗಳಲ್ಲಿ ತಲುಪಿದ ಒಳ್ಳೆಯ ವರದಿ ಒಂದು ವರ್ಷ ಕಪಾಟಿನಲ್ಲಿ ಕೂರುತ್ತದೆ. ಆದ್ದರಿಂದ ದೀಪಾವಳಿಗೆ ಊರಿಗೆ ಬಂದವರನ್ನು ಮಾತಾಡಿಸಿ ಮುಗಿಸಿ, ತೊಗರಿ ರಾಶಿಯಾಗಿ ಅವರು ಮತ್ತೆ ಗಂಟು ಕಟ್ಟುವ ಹೊತ್ತಿಗೆ ವರದಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.